ಗಾಡಿ ಯಾಕೆ ನಿಂತಿತು?

ಎರಡು ವರ್ಷದ ಹಿಂದೆ ನಾನೊಂದು ಪ್ರಬಂಧ ಬರೆದೆ. ಆವರಗೆರೆಯ ನಮ್ಮ ಮನೆಯ ಹಿತ್ತಲಲ್ಲಿ, ತಗಡಿನ ಮಾಡಿನ ಕೆಳಗೆ ಗೋಣಿಚೀಲ ಹೊದ್ದು ನಿಂತಿದ್ದ ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬಗ್ಗೆ. ಅದರಲ್ಲಿ ತುಕ್ಕು ಇತ್ತು, ಮಳೆ ಇತ್ತು, ಟ್ಯಾಂಕಿನ ಮೇಲೆ ಕೂತು ಜಾತ್ರೆಗೆ ಹೋದ ಬಾಲ್ಯ ಇತ್ತು, ಸೀಟಿನ ಕೆಳಗೆ ಮರಿ ಹಾಕಿದ ಬೆಕ್ಕೂ ಇತ್ತು. ‘ಕಾಲ ಅದನ್ನು ನಿಲ್ಲಿಸಿತು’ ಎಂಬ ಸಾಲಿಗೆ ಪ್ರಬಂಧ ಮುಗಿಯುತ್ತಿತ್ತು. ಓದಿದವರು ಮೆಚ್ಚಿದರು. ಕೆಲವರು ಕಣ್ಣು ಒದ್ದೆಯಾಯಿತು ಎಂದರು. ನನಗೂ ನಾನೊಬ್ಬ ಲೇಖಕ ಅನ್ನಿಸಿತು.

ಒಂದು ರಾತ್ರಿ ಊಟವಾದ ಮೇಲೆ ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ಮಗ್ಗಗಳ ಸದ್ದಿನಲ್ಲಿ ದುಡಿದು ಎಡಗಿವಿ ಮಂದ. ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಪೂರ್ತಿ ಕೇಳಿದ. “ಚೆನ್ನಾಗೈತೆ” ಅಂದ. ಎಲೆ ಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಅಲ್ಲಪ್ಪಾ, ಗಾಡಿ ಯಾಕೆ ನಿಂತಿತು ಅಂತ ನೀನು ಬರದೇ ಇಲ್ವಲ್ಲ?”

“ಹಳೇದಾಗಿತ್ತಲ್ಲಪ್ಪ.”

“ಹಳೇದಾದ್ರೆ ನಿಂತುಬಿಡ್ತಾವಾ? ನಾನು ನಿಂತೀನಾ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಸಾವಿರದಿನ್ನೂರು ಪದ ಬರೆದಿದ್ದೆ. ಆ ಗಾಡಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ.

ಈ ಬರಹ ಆ ಪ್ರಬಂಧದ ವಿರುದ್ಧ. ಅಂಥ ಎಲ್ಲ ಪ್ರಬಂಧಗಳ ವಿರುದ್ಧವೂ ಹೌದು. ಕನ್ನಡದಲ್ಲಿ ಈಗ ಅದೊಂದು ಪ್ರಕಾರವೇ ಆಗಿದೆ. ಅಪ್ಪನ ಸೈಕಲ್ಲು, ಅಜ್ಜಿಯ ಒರಳು, ಮಾವನ ರೇಡಿಯೋ, ಮುಚ್ಚಿದ ಟಾಕೀಸು. ವಸ್ತು ಬೇರೆ, ಬರಹ ಒಂದೇ. ಮೊದಲು ಧೂಳು, ಆಮೇಲೆ ವಾಸನೆ, ಆಮೇಲೆ ಬಾಲ್ಯ, ಕೊನೆಗೆ ‘ಈಗ ಅದೆಲ್ಲ ಎಲ್ಲಿ’ ಎಂಬ ನಿಟ್ಟುಸಿರು. ಆ ವಸ್ತು ಹೇಗೆ ಕೆಲಸ ಮಾಡುತ್ತಿತ್ತು, ಅದನ್ನು ನಡೆಸುತ್ತಿದ್ದ ಕೈಗೆ ಏನೇನು ಗೊತ್ತಿತ್ತು, ಎಂಥ ತಪ್ಪಿನಿಂದ, ಯಾರ ತಪ್ಪಿನಿಂದ ಅದು ನಿಂತಿತು ಎಂಬುದು ಮಾತ್ರ ಅಲ್ಲಿರುವುದಿಲ್ಲ. ‘ಕಾಲ’ ಎಂಬ ಒಂದೇ ಪದ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿ ಕಳಿಸುತ್ತದೆ.

ಅಪ್ಪನ ಪ್ರಶ್ನೆಗೆ ಉತ್ತರ ಹುಡುಕಲು ನಾನು ಮೊದಲು ಮಾಡಿದ್ದು, ನನ್ನ ತಲೆಮಾರಿನವರು ಮಾಡುವುದನ್ನೇ. ಹಳೆಯ ಬೈಕುಗಳನ್ನು ‘ರಿಸ್ಟೋರ್’ ಮಾಡಿಕೊಡುವ ಒಬ್ಬರನ್ನು ಸಂಪರ್ಕಿಸಿದೆ. ಬೆಂಗಳೂರಿನಿಂದ ಬಂದರು. ಸಭ್ಯರು, ಕೆಲಸ ಬಲ್ಲವರು. ಗೋಣಿಚೀಲ ಸರಿಸಿ, ಗಾಡಿಯ ಸುತ್ತ ಒಂದು ಸುತ್ತು ಬಂದು, ಬೆರಳು ತೋರಿಸುತ್ತಾ ಹೋದರು. ಈ ಸೈಡ್‌ಸ್ಟ್ಯಾಂಡ್ ಒರಿಜಿನಲ್ ಅಲ್ಲ. ಈ ಹೆಡ್‌ಲೈಟ್ ಬ್ರಾಕೆಟ್ ಒರಿಜಿನಲ್ ಅಲ್ಲ. ವೈರಿಂಗ್ ಒರಿಜಿನಲ್ ಅಲ್ಲ. ಸೈಲೆನ್ಸರಿಗೆ ತೇಪೆ ಬಿದ್ದಿದೆ, ಎಸೆಯಬೇಕು. ಟ್ಯಾಂಕಿನ ಬಲಗಡೆ ಡೆಂಟ್ ಇದೆ, ತೆಗೆಯಬೇಕು. ಎಲ್ಲ ಸೇರಿ ಒಂದೂವರೆ ಲಕ್ಷ. “ಶೋರೂಮಿಂದ ಈಗ ತಾನೇ ಇಳಿದ ಹಾಗೆ ಮಾಡಿಕೊಡ್ತೀನಿ ಸರ್” ಎಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ, ಅದು ಅವರ ವೃತ್ತಿ. ಆದರೆ ಆ ‘ಒರಿಜಿನಲ್’ ಎಂಬ ಮಾತು ನನ್ನನ್ನು ಕೊರೆಯತೊಡಗಿತು. ಅದಕ್ಕೆ ಕಾರಣ ನನ್ನ ಓದು. ನಾನು ಪಿಎಚ್.ಡಿ. ಮಾಡುತ್ತಿರುವುದು ಗ್ರಂಥಸಂಪಾದನೆಯಲ್ಲಿ. ಒಂದೇ ಕೃತಿಯ ಐದಾರು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಕವಿ ಬರೆದ ಪಾಠ ಯಾವುದಿರಬಹುದು ಎಂದು ಹುಡುಕುವ ಕೆಲಸ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವಾಗಿ ಓದಿದ ಯಾವ ವಿದ್ಯಾರ್ಥಿಗೂ ಒಂದು ಶಿಸ್ತು ಗೊತ್ತಿರುತ್ತದೆ. ಮೂಲಪಾಠ ಹುಡುಕು, ಆದರೆ ಪಾಠಾಂತರಗಳನ್ನು ಎಸೆಯಬೇಡ. ಅವು ಅಡಿಟಿಪ್ಪಣಿಯಲ್ಲಿರಲಿ. ಲಿಪಿಕಾರ ಯಾಕೆ ಆ ಪದವನ್ನು ಬದಲಿಸಿದ? ಅವನಿಗೆ ಹಳೆಯ ಪದ ಅರ್ಥವಾಗಲಿಲ್ಲವೇ, ಅವನ ಕಾಲದಲ್ಲಿ ಉಚ್ಚಾರ ಬದಲಾಗಿತ್ತೇ, ನಿದ್ದೆ ಬಂದಿತ್ತೇ? ತಪ್ಪು ಕೂಡ ಒಂದು ದಾಖಲೆ. ಪ್ರತಿಗಳ ಆಧಾರವಿಲ್ಲದೆ ಊಹಾಪಾಠ ತುಂಬಿ, ಅದನ್ನೇ ಮೂಲವೆಂದು ಅಚ್ಚು ಹಾಕಿಸುವ ಸಂಪಾದಕನನ್ನು ನಾವು ಕ್ಷಮಿಸುವುದಿಲ್ಲ.

ಹಾಗಾದರೆ ಗಾಡಿಯ ಮಾತು ಬಂದಾಗ ಯಾಕೆ ಕ್ಷಮಿಸುತ್ತೇವೆ? ಆ ಸೈಡ್‌ಸ್ಟ್ಯಾಂಡ್ ಕಟ್ಟಡದ ಕಬ್ಬಿಣದ ಸರಳಿನದು, ಅಪ್ಪನೇ ಬಗ್ಗಿಸಿ ಬೆಸುಗೆ ಹಾಕಿದ್ದು. ವೈರಿಂಗ್ ಪೂರ್ತಿ ಕೆಂಪು, ಯಾಕೆಂದರೆ ಆವತ್ತು ಅಂಗಡಿಯಲ್ಲಿ ಕೆಂಪು ವೈರ್ ಮಾತ್ರ ಇತ್ತು. ಯಾವ ಕೆಂಪು ಎಲ್ಲಿಗೆ ಹೋಗುತ್ತದೆ ಎಂಬುದು ಅಪ್ಪನ ತಲೆಯಲ್ಲಿದೆ. ಇವು ನನ್ನ ಅಪ್ಪನ ಪಾಠಾಂತರಗಳು. ಇವನ್ನೆಲ್ಲ ಕಿತ್ತು, ಹೊಸ ಕ್ರೋಮಿಯಂ ಹಚ್ಚಿ, 1985ರ ಶೋರೂಮಿನ ಬೆಳಗ್ಗೆಗೆ ವಾಪಸ್ ಕಳಿಸಿದರೆ, ನನ್ನ ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡ 1992ರಿಂದ ಈಚೆಗಿನದೆಲ್ಲ ಅಳಿಸಿಹೋಗುತ್ತದೆ. ಅಪ್ಪನ ನೆನಪಿಗಾಗಿ ಗಾಡಿ ರಿಸ್ಟೋರ್ ಮಾಡಿಸಿದೆ ಎನ್ನುವವರು ಮೊದಲು ಮಾಡಿಸುವ ಕೆಲಸ, ಅದರಿಂದ ಅಪ್ಪನನ್ನು ಉಜ್ಜಿ ತೆಗೆಸುವುದು.

ಕಾನೂನಿನ ಮನಸ್ಸೂ ಹಾಗೇ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದು ಪ್ರತ್ಯೇಕ ನಿಯಮ ತಂದಿತು. ವಾಹನಕ್ಕೆ 50 ವರ್ಷ ದಾಟಿರಬೇಕು, ಅದು ಮೂಲರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅಂಥ ವಾಹನವನ್ನು ರ್‍ಯಾಲಿಗೆ, ಪ್ರದರ್ಶನಕ್ಕೆ ಒಯ್ಯಬಹುದು, ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂದರೆ ಗೌರವ ಸಿಗಬೇಕಾದರೆ ಅದು ಬದಲಾಗಿರಬಾರದು, ದುಡಿಯಲೂಬಾರದು. ನಾವು ಶರಣರಿಗೂ ಹಾಗೇ ಮಾಡಿಲ್ಲವೇ? ನಮ್ಮ ಜಿಲ್ಲೆಯಲ್ಲಿ ‘ಕಾಯಕ’ ಎಂಬ ಪದ ಇಲ್ಲದ ಕಮಾನಿಲ್ಲ, ವಿಚಾರಸಂಕಿರಣವಿಲ್ಲ. ಅಲ್ಲಿ ಪ್ರಬಂಧ ಮಂಡಿಸುವ ನಮ್ಮ ಉಗುರಿನ ಸಂದಿಯಲ್ಲಿ ಮಾತ್ರ ಒಂದು ಎಳೆ ಗ್ರೀಸಿಲ್ಲ.

“ಅವರ್‍ಯಾಕೆ, ನೀನೇ ಬಿಚ್ಚು. ನಾನು ಹೇಳ್ತೀನಿ” ಎಂದ ಅಪ್ಪ. ಅವನ ಕೈ ಈಗ ನಡುಗುತ್ತದೆ, ಪಾನ ಹಿಡಿಯಲಾಗದು. ಹಾಗಾಗಿ ಕಳೆದ ವರ್ಷ ಬೇಸಿಗೆ ರಜೆಯಲ್ಲಿ, ಸೈಕಲ್ ಪಂಚರ್ ಕೂಡ ಹಾಕಲು ಬಾರದ ನಾನು, 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತೆ.

ಹೊಸಬನ ತಪ್ಪುಗಳನ್ನೆಲ್ಲ ಮಾಡಿದೆ. ಕಚ್ಚಿಕೊಂಡಿದ್ದ ಸಿಲಿಂಡರನ್ನು ಸುತ್ತಿಗೆಯಿಂದ ಬಡಿದು ಒಂದು ಫಿನ್ ಮುರಿದೆ. ಪ್ಲಗ್ಗಿನ ತೂತಿನಿಂದ ಡೀಸೆಲ್ ಸುರಿದು ಒಂದು ವಾರ ಕಾಯಬೇಕಿತ್ತು, ನಾನು ಎರಡೇ ದಿನಕ್ಕೆ ಕಿಕ್ಕರಿನ ಮೇಲೆ ನಿಂತು ಕುಣಿದೆ. ಯೆಜ್ಡಿಯಲ್ಲಿ ಒಂದೇ ಲಿವರು ಕಿಕ್ಕೂ ಹೌದು, ಗೇರೂ ಹೌದು, ಅದು ಬಗ್ಗಿತು. ಕೊನೆಗೆ ಸಿಲಿಂಡರ್ ಮೇಲೆದ್ದಿತು. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ತೆಗೆಯುವಾಗ ಅದು ಟಣ್ಣನೆ ಹಾರಿ ಸೀದಾ ಕ್ರ್ಯಾಂಕ್‌ಕೇಸಿನ ಒಳಗೆ ಬಿತ್ತು. ಅಷ್ಟು ಸಣ್ಣ ತಂತಿಯ ಉಂಗುರಕ್ಕಾಗಿ ಮೂರು ದಿನ. “ಬಾಯಿಗೆ ಬಟ್ಟೆ ತುರುಕಬೇಕಿತ್ತಲ್ಲೋ” ಎಂದ ಅಪ್ಪ. ಯಾವ ಪುಸ್ತಕವೂ ನನಗೆ ಅದನ್ನು ಹೇಳಿರಲಿಲ್ಲ.

ಮುಂದಿನದು ನನ್ನ ಕೈ ಮೀರಿದ್ದರಿಂದ, ಅಪ್ಪನ ಹಳೆಯ ಮೆಕ್ಯಾನಿಕ್ಕನ್ನು ಮನೆಗೇ ಕರೆದೆವು. ಪೇಟೆಯಲ್ಲಿ ನಲವತ್ತು ವರ್ಷ ಜಾವಾ, ಯೆಜ್ಡಿ ಬಿಚ್ಚಿದ ಕೈ. ನಾವೆಲ್ಲ ಚಾಚಾ ಅನ್ನುತ್ತೇವೆ. ಚಾಚಾ ಪಿಸ್ಟನ್ನನ್ನು ಬಿಸಿಲಿಗೆ ಹಿಡಿದು, ಹೆಬ್ಬೆರಳಿನ ಉಗುರನ್ನು ಮೇಲಿಂದ ಕೆಳಕ್ಕೆ ಎಳೆದ.

“ಇಲ್ನೋಡು ತಮ್ಮಾ. ಈ ತುಕ್ಕು ಆಮೇಲೆ ಬಂದಿದ್ದು, ನಿಂತಮೇಲೆ. ಈ ಗೀರು ಮೊದ್ಲೇ ಬಿದ್ದಿದ್ದು, ಓಡುವಾಗ. ಒಂದು ಕಡೆ ಅಲ್ಲ, ಸುತ್ತ ಬಿದ್ದೈತೆ. ಆಯಿಲ್ ಇಲ್ದೇ ಓಡೈತೆ ಗಾಡಿ.”

ಎರಡು ಪ್ರತಿಗಳಲ್ಲಿ ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ತೀರ್ಮಾನಿಸಲು ನಾನು ಆರು ತಿಂಗಳು ತೆಗೆದುಕೊಂಡಿದ್ದೇನೆ. ಚಾಚಾ ಆರು ಸೆಕೆಂಡಿನಲ್ಲಿ, ಉಗುರಿನಿಂದ ಮಾಡಿದ. ಆದರೆ ಆ ಕ್ಷಣ ನಾನು ಅದನ್ನು ಯೋಚಿಸುತ್ತಿರಲಿಲ್ಲ. ನನ್ನ ಕಿವಿ ಬಿಸಿಯಾಗಿತ್ತು.

ಈ ಗಾಡಿಯ ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬೇರೆ ಕಡೆಯಿಂದ ಬರುವುದಿಲ್ಲ, ಪೆಟ್ರೋಲಿನಲ್ಲೇ ಬೆರೆಸಬೇಕು. ಅಪ್ಪ ಲೀಟರಿಗೆ 40 ಎಂ.ಎಲ್. ಹಾಕುತ್ತಿದ್ದ. ಪೆಟ್ರೋಲ್ ಉರಿಯುತ್ತದೆ, ಎಣ್ಣೆ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಪದರವಾಗಿ ನಿಲ್ಲುತ್ತದೆ. ಎಣ್ಣೆ ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಹಿಗ್ಗಿ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಹಿಡಿದುಬಿಡುತ್ತದೆ.

2009ರ ಬೇಸಿಗೆ. ನನಗೆ ಹನ್ನೆರಡು ವರ್ಷ. ಮಿಲ್ಲು ಮುಚ್ಚಿದ ಮೇಲೆ ಅಪ್ಪ ಹರಿಹರದ ಒಂದು ವರ್ಕ್‌ಶಾಪಿಗೆ ದಿನಾ ಹದಿನಾಲ್ಕು ಕಿಲೋಮೀಟರ್ ಗಾಡಿಯಲ್ಲಿ ಹೋಗಿಬರುತ್ತಿದ್ದ. ಒಂದು ಸಂಜೆ ಕ್ಯಾನು ಕೊಟ್ಟು, ಎರಡು ಲೀಟರ್ ಪೆಟ್ರೋಲಿಗೂ ಒಂದು ಪೊಟ್ಟಣ ಟೂಟಿ ಆಯಿಲಿಗೂ ದುಡ್ಡು ಕೊಟ್ಟು ಕಳಿಸಿದ. ಪೆಟ್ರೋಲ್ ತಂದೆ. ಎಣ್ಣೆಯ ಹತ್ತು ರೂಪಾಯಿಗೆ ದಾರಿಯಲ್ಲಿ ಮಂಡಕ್ಕಿ, ಮಿರ್ಚಿ ತಿಂದೆ. “ಕಲಿಸಿದೀನಿ ಅಪ್ಪಾ” ಎಂದು ಹೇಳಿ ಟ್ಯಾಂಕಿಗೆ ಸುರಿದೆ. ಟ್ಯಾಂಕಿನ ತಳದಲ್ಲಿದ್ದ ಹಳೆಯ ಮಿಶ್ರಣದ ಪುಣ್ಯದಿಂದ ಮಾರನೆಯ ದಿನ ಗಾಡಿ ಹರಿಹರ ಮುಟ್ಟಿತು. ವಾಪಸ್ ಬರುವಾಗ ಕಚ್ಚಿಕೊಂಡಿತು. ಅಪ್ಪ ಬಿದ್ದ. ಬಲಮೊಣಕಾಲಿನ ಗಾಯ ತಿಂಗಳು ಕಾಡಿತು. ಟ್ಯಾಂಕಿನ ಡೆಂಟ್ ಆವತ್ತಿನದೇ. ಮತ್ತೆ ಬೋರ್ ಮಾಡಿಸುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಆಮೇಲೆ ಒಂಬತ್ತು ವರ್ಷ ಅಪ್ಪ ಬಸ್ಸಿನಲ್ಲಿ ನಿಂತುಕೊಂಡು ಕೆಲಸಕ್ಕೆ ಹೋಗಿಬಂದ. ಕೇಳಿದವರಿಗೆ “ಗಾಡಿಗೆ ವಯಸ್ಸಾಯ್ತು” ಎನ್ನುತ್ತಿದ್ದ. ಆ ಮಾತನ್ನೇ ನಾನು ‘ಕಾಲ’ ಎಂದು ಸಾಹಿತ್ಯ ಮಾಡಿದ್ದು. ಮಿರ್ಚಿಯನ್ನು ಎಷ್ಟು ಚೆನ್ನಾಗಿ ಮರೆತಿದ್ದೆನೆಂದರೆ, ಪ್ರಬಂಧ ಬರೆಯುವಾಗ ಒಮ್ಮೆಯೂ ಅದು ನೆನಪಾಗಲಿಲ್ಲ.

ಚಾಚಾ ಹೋದ ಮೇಲೆ ಅಪ್ಪನಿಗೆ ಹೇಳಿದೆ. “ಗೊತ್ತು” ಎಂದ. “ಟ್ಯಾಂಕಿಗೆ ಮೂಗಿಟ್ರೆ ಎಣ್ಣೆ ವಾಸನೆ ಐತೋ ಇಲ್ವೋ ಗೊತ್ತಾಗಲ್ವಾ?”

“ಆವತ್ತೇ ಯಾಕೆ ಬೈಲಿಲ್ಲ?”

“ಹನ್ನೆರಡು ವರ್ಷದ ಹುಡುಗಂಗೆ ಏನಂತ ಬೈಯೋದು. ನೀನು ಬರದಿದ್ದು ಓದ್ದಾಗ ಮಾತ್ರ ಕೇಳಬೇಕು ಅನಿಸ್ತು. ಎಲ್ಲಾ ಕಾಲದ ಮೇಲೆ ಹಾಕಿದ್ದೆಯಲ್ಲ.”

ನನ್ನ ಜಗಳ ಇಷ್ಟೇ. ಹಳಹಳಿಕೆ ಎಂಬುದು ನೆನಪಿನ ಒಂದು ಬಗೆಯೆಂದು ನಾವು ತಿಳಿದಿದ್ದೇವೆ. ಬಹಳ ಸಲ ಅದು ಮರೆವಿನ ಬಗೆ. ಲೆಕ್ಕ ಕೊಡಬೇಕಾದ ಕಡೆ ಕಣ್ಣೀರು ಕೊಟ್ಟು ಎದ್ದುಹೋಗುವುದು. ನನ್ನ ವಿಷಯದಲ್ಲಿ ಅದು ಹತ್ತು ರೂಪಾಯಿಯ ಲೆಕ್ಕ. ಊರಿನ ವಿಷಯದಲ್ಲಿ?

ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು ಎಂದು ನಮ್ಮೂರಿನ ಪ್ರತಿ ಭಾಷಣವೂ ಶುರುವಾಗುತ್ತದೆ. ಮಿಲ್ಲಿನ ಸೈರನ್ನಿನ ಬಗ್ಗೆ ಕವಿತೆಗಳಿವೆ, ನಾನೂ ಒಂದು ಬರೆದಿದ್ದೇನೆ. ಆದರೆ ಯಾವ ಮಿಲ್ಲಿನಲ್ಲಿ ಎಷ್ಟನೇ ನಂಬರಿನ ನೂಲು ತೆಗೆಯುತ್ತಿದ್ದರು, ಯಂತ್ರಗಳನ್ನು ಯಾಕೆ ಬದಲಿಸಲಿಲ್ಲ, ಯಾರ ತೀರ್ಮಾನದಿಂದ ಯಾವ ಪಾಳಿ ಮೊದಲು ನಿಂತಿತು, ಕೆಲಸಗಾರರ ಬಾಕಿ ಏನಾಯಿತು ಎಂದು ಕೇಳಿದರೆ ನಾವು ಕವಿಗಳು ಮುಖ ಮುಖ ನೋಡಿಕೊಳ್ಳುತ್ತೇವೆ. ಉತ್ತರ ಬಲ್ಲ ಫಿಟ್ಟರುಗಳು, ಜಾಬರುಗಳು, ಸಂಘದಲ್ಲಿ ದುಡಿದವರು ಇನ್ನೂ ಕೆಲವರು ನಮ್ಮ ಓಣಿಗಳಲ್ಲೇ ಇದ್ದಾರೆ, ಕೆಮ್ಮುತ್ತಾ. ಅವರನ್ನು ಕೇಳಲು ಹೋಗುವುದಕ್ಕಿಂತ ಸೈರನ್ನಿನ ಬಗ್ಗೆ ಬರೆಯುವುದು ಸುಲಭ.

ಯೆಜ್ಡಿಯ ಕತೆಯೂ ಹೀಗೆಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ 1961ರಲ್ಲಿ ಗಾಡಿ ತಯಾರಿಸತೊಡಗಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಆಚರಿಸುವ ಅಭಿಮಾನಿಗಳ ಬಾಯಲ್ಲಿ ಇದೊಂದು ವಿಧಿಯಾಟ. ಆದರೆ ವಿಧಿಗೆ ಹೆಸರುಗಳಿವೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಫೋರ್ ಸ್ಟ್ರೋಕು, ಲೀಟರಿಗೆ ಯೆಜ್ಡಿಗಿಂತ ಎಷ್ಟೋ ಹೆಚ್ಚು ಓಡುತ್ತಿತ್ತು. ಅದೇ ವರ್ಷ ಯಮಾಹಾ ಆರ್‌ಎಕ್ಸ್ 100 ಬಂತು. ಆಮೇಲೆ ಹೊಗೆಯ ಮಿತಿಗಳು ಬಿಗಿಯಾದವು. ಇಷ್ಟಾದರೂ ಯೆಜ್ಡಿಯ ಎಂಜಿನ್ ಹೆಚ್ಚು ಬದಲಾಗಲಿಲ್ಲ. 2022ರಲ್ಲಿ ಯೆಜ್ಡಿ ಎಂಬ ಹೆಸರು ಹೊಸ ಬೈಕಿನ ಮೇಲೆ ಮರಳಿ ಬಂತು. ಹೆಸರು ಮರಳಿ ಬರುವುದು ಸುಲಭ. ಹಳಹಳಿಕೆಗೆ ಹೆಸರೊಂದಿದ್ದರೆ ಸಾಕಲ್ಲ.

ಉಳಿದಿರುವುದು ಎಲ್ಲಿ ಎಂದು ನನಗೆ ಕಂಡದ್ದು ಹರಿಹರದಲ್ಲಿ. ಸ್ವಿಂಗ್ ಆರ್ಮಿನ ಬುಷ್‌ಗಳು ಸವೆದಿದ್ದವು, ಅಂಗಡಿಯಲ್ಲಿ ಸಿಗಲಿಲ್ಲ. ಅಪ್ಪ ತನ್ನ ಪರಿಚಯದ ಲೇತ್ ಅಂಗಡಿಗೆ ಕರೆದೊಯ್ದ. ಅಲ್ಲಿದ್ದ ಲೇತಿನ ಮೈಮೇಲೆ ಮೈಸೂರು ಕಿರ್ಲೋಸ್ಕರ್ ಎಂಬ ಹೆಸರಿತ್ತು. 1941ರಲ್ಲಿ ಹರಿಹರದಲ್ಲಿ ಶುರುವಾದ ಕಾರ್ಖಾನೆ ಅದು. ಅದರಿಂದಲೇ ಆ ಬಡಾವಣೆಗೆ ಯಂತ್ರಾಪುರ ಎಂಬ ಹೆಸರು. ಬಾಗಿಲು ಹಾಕಿ ಎರಡು ದಶಕಗಳೇ ಆದವು. ಮುಚ್ಚಿದ ಕಾರ್ಖಾನೆಯ ಲೇತು, ಮುಚ್ಚಿದ ಇನ್ನೊಂದು ಕಾರ್ಖಾನೆಯ ಗಾಡಿಗೆ, ಮುಚ್ಚಿದ ಮಿಲ್ಲಿನ ಫಿಟ್ಟರ್ ಹೇಳಿದ ಅಳತೆಗೆ ಬುಷ್ ಕಡೆಯುತ್ತಿತ್ತು. ಅಲ್ಲಿ ಯಾರೂ ನಿಟ್ಟುಸಿರು ಬಿಡಲಿಲ್ಲ. ಕೆಲಸ ನಡೆಯುತ್ತಿತ್ತು.

ಈ ಜನರ ಹತ್ತಿರ ಒಂದು ಕನ್ನಡವೂ ಇದೆ. ಕಂಪ್ರೆಶನ್ ಹೋದರೆ ‘ದಮ್ ಇಲ್ಲ’. ಕಾರ್ಬುರೇಟರಿಗೆ ಕಸ ಸಿಕ್ಕರೆ ‘ಕೆಮ್ಮುತೈತೆ’. ಬೇರಿಂಗ್ ಹೋಗುವ ಮುಂಚೆ ‘ಗುನುಗುತೈತೆ’. ಕಿವಿ ಮಂದವಾದ ನನ್ನ ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಆ ಗುನುಗನ್ನು ಕೇಳಬಲ್ಲ. ಪಾಯಿಂಟಿನ ಅಂತರವನ್ನು ಲಗ್ನಪತ್ರಿಕೆಯ ತುಂಡು ತೂರಿಸಿ ಅಳೆಯಬಲ್ಲ. ಕನ್ನಡ ಸಾಯುತ್ತಿದೆ ಎಂದು ವರ್ಷಕ್ಕೊಮ್ಮೆ ಅಳುವ ನಾವು, ಈ ಪದಗಳನ್ನು ಬರೆದಿಟ್ಟುಕೊಳ್ಳಲು ಒಂದು ನೋಟ್‌ಬುಕ್ಕನ್ನಾದರೂ ಒಯ್ದಿದ್ದೇವೆಯೇ?

ನನ್ನ ಸಂಶೋಧಕ ಗೆಳೆಯರು ಹೇಳುವುದೂ ಗೊತ್ತು. ಎಲ್ಲರೂ ಮೆಕ್ಯಾನಿಕ್ ಆಗಬೇಕೇ ಎನ್ನುತ್ತಾರೆ. ಬೇಡ. ನಾನೂ ಆಗಿಲ್ಲ, ಬೋರಿಂಗ್ ಮಾಡಿದ್ದು ಬೇರೆಯವರು, ಟೈಮಿಂಗ್ ಕೂರಿಸಿದ್ದು ಚಾಚಾ. ಆದರೆ ಬರೆಯುವ ಮುಂಚೆ ಬಲ್ಲವರನ್ನು ಕೇಳಬಹುದು. ಭಾವನೆಗೆ ಬೆಲೆಯಿಲ್ಲವೇ ಎನ್ನುತ್ತಾರೆ. ಇದೆ. ಯಾಕೆ ನಿಂತಿತು ಎಂದು ತಿಳಿದ ಮೇಲೆ ಆ ಗಾಡಿಯ ಮುಂದೆ ನನಗಾಗುವ ಭಾವನೆ ಹಿಂದಿನದಕ್ಕಿಂತ ದೊಡ್ಡದು, ಆದರೆ ಹಿಂದಿನಷ್ಟು ಹಿತವಾದದ್ದಲ್ಲ. ಶೋರೂಮಿನ ಸ್ಥಿತಿಯಲ್ಲಿ ಕೆಲವು ಗಾಡಿಗಳು ಉಳಿಯಬಾರದೇ ಎನ್ನುತ್ತಾರೆ. ಉಳಿಯಲಿ, ಮ್ಯೂಸಿಯಮ್ಮಿಗೆ ಬೇಕು. ಮನೆಮನೆಯೂ ಮ್ಯೂಸಿಯಂ ಆಗುವುದು ಬೇಡ. ಒಂದು ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ: ಟೂ ಸ್ಟ್ರೋಕ್ ಎಂಜಿನ್ ಎಣ್ಣೆಯನ್ನೂ ಸುಡುತ್ತದೆ, ಹೊಗೆ ಕೆಟ್ಟದ್ದು. ಇಂಥ ಗಾಡಿಗಳೇ ದಿನಾ ರಸ್ತೆ ತುಂಬ ಓಡಲಿ ಎಂದು ನಾನು ಹೇಳುತ್ತಿಲ್ಲ. ನಮ್ಮದು ಭಾನುವಾರ ಬೆಳಿಗ್ಗೆ ಒಮ್ಮೆ ಹೊರಬರುತ್ತದೆ, ಅಷ್ಟೇ.

ಈಗ ಗಾಡಿ ಓಡುತ್ತದೆ. ಬಣ್ಣ ಹೊಡೆಸಿಲ್ಲ. ಕೆಂಪು ವೈರುಗಳು ಹಾಗೇ ಇವೆ. ಯಾವುದು ಎಲ್ಲಿಗೆ ಎಂದು ಅಪ್ಪ ಹೇಳಿದ್ದನ್ನು ಚಿತ್ರ ಬರೆದು, ಪ್ರತಿ ತಂತಿಗೂ ಸಂಖ್ಯೆ ಕೊಟ್ಟು ಇಟ್ಟಿದ್ದೇನೆ. ನನ್ನ ಸಂಶೋಧನಾ ಪ್ರಬಂಧಕ್ಕಿಂತ ಆ ಹಾಳೆ ಉಪಯುಕ್ತ ಅನ್ನಿಸುವ ದಿನಗಳಿವೆ. ಡೆಂಟ್ ತೆಗೆಸಿಲ್ಲ. ಪೆಟ್ರೋಲ್ ಹಾಕುವಾಗ ಎಣ್ಣೆಯನ್ನು ನಾನೇ ಅಳೆದು ಬೆರೆಸುತ್ತೇನೆ, ಅಪ್ಪ ಪಕ್ಕದಲ್ಲಿ ನಿಂತು ನೋಡುತ್ತಾನೆ. ಮುಚ್ಚಳ ಹಾಕುವ ಮುಂಚೆ ಒಮ್ಮೆ ಬಗ್ಗಿ ಮೂಸಿ ನೋಡುತ್ತಾನೆ. ಇನ್ನೂ ನಂಬಿಕೆ ಬಂದಿಲ್ಲ, ಬರಬೇಕಾಗಿಯೂ ಇಲ್ಲ.

ಎರಡು ವರ್ಷದ ಹಿಂದಿನ ಪ್ರಬಂಧದ ಕೊನೆಯ ಸಾಲನ್ನು ನಾನು ವಾಪಸ್ ತೆಗೆದುಕೊಳ್ಳುತ್ತೇನೆ. ಅದನ್ನು ಹೀಗೆ ತಿದ್ದಿ ಓದಬೇಕಾಗಿ ವಿನಂತಿ: 2009ರ ಬೇಸಿಗೆಯಲ್ಲಿ, ಹತ್ತು ರೂಪಾಯಿಯ ಎಣ್ಣೆ ಹಾಕದೆ, ಹಾಕಿದ್ದೇನೆಂದು ಸುಳ್ಳು ಹೇಳಿ, ಈ ಗಾಡಿಯನ್ನು ನಾನು ನಿಲ್ಲಿಸಿದೆ.